ಗಣಕವಿದ್ಯೆಯೂ ಛಂದಸ್ಸಿನ ಪಾಠವೂ

ಹೈಸ್ಕೂಲಿನ ಮಕ್ಕಳಿಗೆ ಗಣಕವಿದ್ಯೆಯನ್ನು ಕಲಿಸಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ೧೯೮೪ರಲ್ಲಿಯೇ ಭಾರತ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೊ ಎಂಬ ಯಂತ್ರಗಳನ್ನು ಒದಗಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ನೆಯ ತರಗತಿಯಿಂದ ಮೊದಲಾಗುವ ಘಟ್ಟದಲ್ಲಿಯೇ ಕೋಡಿಂಗಿನ ಅಭ್ಯಾಸವಾಗಲೆಂದು ವಿಧಿಸಿದೆ. ಆದರೆ ಈ ವಿದ್ಯೆಯಲ್ಲಿ ಕಲಿಸತಕ್ಕದ್ದು ಯಾವುದೆಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ಬಾರದು. ಯಂತ್ರದ ಲಕ್ಷಣವಾಕ್ಯವನ್ನೂ ಅದರ ಅಂಗಗಳ ಹೆಸರುಗಳನ್ನೂ ಬಾಯಿಪಾಠ ಮಾಡಿಸಿ, ಪಾಠ ಮುಗಿಯಿತೆಂದು ತಿಳಿಯುವವರುಂಟು. ಇಲ್ಲಿ ಒತ್ತು, ಅಲ್ಲಿ ಒತ್ತು ಎಂದು ಗುಂಡಿಗಳನ್ನು ತೋರಿಸಿ ತೃಪ್ತರಾಗುವವರೂ ಉಂಟು. ಹೊಲಿಗೆಯ ಯಂತ್ರವನ್ನು ತುಳಿಯಬಲ್ಲವನೆಲ್ಲ ಅಂಗಿಯನ್ನು ಕತ್ತರಿಸಬಲ್ಲನೆಂದು ಯಾವ ದರ್ಜಿಯೂ ಹೇಳಲಾರನು.

ಇನ್ನೊಂದು ಮಾತೂ ಇದೆ. ಯಂತ್ರಗಳು ಸಾಲದ, ಇದ್ದರೂ ಕೆಟ್ಟು ಕುಳಿತಿರುವ ಶಾಲೆಗಳಲ್ಲಿ, ಅವು ಸರಿಯಾಗುವವರೆಗೆ ಈ ವಿದ್ಯೆ ತಮ್ಮ ಮಕ್ಕಳಿಗಿಲ್ಲವೆಂದು ತಂದೆತಾಯಿಗಳು ನಿರಾಶರಾಗುವರು. ಹುಡುಗ ಹುಡುಗಿಯರ ಕಲಿಯುವ ವಯಸ್ಸು ಯಂತ್ರಕ್ಕಾಗಿ ಕಾಯುವುದಿಲ್ಲ. ಈ ವಿದ್ಯೆಯ ತಿರುಳನ್ನು ಕರಿಹಲಗೆಯ ಮೇಲೆಯೇ ಕಲಿಸಬಹುದೆಂದೂ, ಅದರ ಸಾಮಗ್ರಿ ಮಕ್ಕಳ ಕನ್ನಡ ವ್ಯಾಕರಣದ ಪಾಠದಲ್ಲಿಯೇ ಬಿದ್ದಿದೆಯೆಂದೂ ತೋರಿಸುವುದು ನಮ್ಮ ಉದ್ದೇಶ.

ಯಂತ್ರವಿಲ್ಲದೆ ಗಣಕವಿದ್ಯೆಯನ್ನು ಕಲಿಸುವ ಪ್ರಯತ್ನ ಹೊಸದಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮೊದಲಾದವರು ೧೯೯೦ರ ದಶಕದಿಂದ ಇದನ್ನು ಪ್ರಚಾರಕ್ಕೆ ತಂದರು. ಅವರು ೧, ೨, ೪, ೮, ೧೬ ಚುಕ್ಕೆಗಳುಳ್ಳ ರಟ್ಟಿನ ಎಲೆಗಳನ್ನು ಮಕ್ಕಳ ಕೈಗೆ ಕೊಟ್ಟು, ಕೆಲವನ್ನು ತೆರೆದು ಕೆಲವನ್ನು ಮುಚ್ಚಿ, ಎರಡೇ ಗುರುತುಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯುವ ಬಗೆಯನ್ನು ತೋರಿಸುವರು. ನಮ್ಮ ಮಕ್ಕಳಿಗೆ ಎರಡು ಗುರುತುಗಳು ಮೊದಲೇ ಗೊತ್ತಿವೆ. ಅವೇ ಗುರು ಮತ್ತು ಲಘು. ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವ ಪ್ರಶ್ನೆಗೆ ಅಂಕ ಸಂಪಾದಿಸಿ, ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆಯುವರು. ಇದು ಮಕ್ಕಳ ದೋಷವಲ್ಲ. ಆ ಗುರುತುಗಳಿಂದ ಮುಂದೆ ಏನಾಗುವುದೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ.

ಪಿಂಗಳನ ಛಂದಃಶಾಸ್ತ್ರದ ಕೊನೆಯಲ್ಲಿ ಹೇಳಿರುವ ಉಪಾಯಗಳನ್ನು ನೋಡಿರಿ. ಇಷ್ಟು ಅಕ್ಷರಗಳಲ್ಲಿ ಗುರುಲಘುಗಳು ಎಷ್ಟು ಬಗೆಯಾಗಿ ನಿಲ್ಲಬಲ್ಲವೋ ಅಷ್ಟನ್ನೂ, ಒಂದೂ ತಪ್ಪದಂತೆ, ಒಂದೂ ಎರಡಾವರ್ತಿ ಬಾರದಂತೆ, ಕ್ರಮವಾಗಿ ಬರೆಯುವುದು ಅಲ್ಲಿನ ಪ್ರಸ್ತಾರ. ಮೂರು ಅಕ್ಷರಗಳಿಗೆ ಎಂಟು ಸಾಲುಗಳಾಗುವುವು. ಮ, ಯ, ರ, ಸ, ತ, ಜ, ಭ, ನ ಎಂಬ ಗಣಗಳು ಈ ಕ್ರಮದಲ್ಲಿಯೇ ಬರುವುವು. ಪಟ್ಟಿಯಲ್ಲಿ ಒಂದು ಸಾಲು ಅಳಿಸಿಹೋಯಿತೆನ್ನೋಣ. ಅದರ ಕ್ರಮಸಂಖ್ಯೆಯೊಂದರಿಂದಲೇ ಅದನ್ನು ಮರಳಿ ಪಡೆಯುವ ಉಪಾಯಕ್ಕೆ 'ನಷ್ಟ'ವೆಂದು ಹೆಸರು. ಸಂಖ್ಯೆ ಸಮವಾಗಿದ್ದರೆ ಲಘುವನ್ನು ಬರೆದು ಅರ್ಧಮಾಡು. ವಿಷಮವಾಗಿದ್ದರೆ ಗುರುವನ್ನು ಬರೆದು, ಒಂದು ಕೂಡಿಸಿ ಅರ್ಧಮಾಡು. ಬಂದ ಸಂಖ್ಯೆಗೆ ಮತ್ತೆ ಹಾಗೆಯೇ ಮಾಡು. ಆರನೆಯ ಸಾಲು ಬೇಕೆಂದರೆ, ೬ ಸಮ, ಲಘು. ಉಳಿದ ೩ ವಿಷಮ, ಗುರು. ೩ಕ್ಕೆ ಒಂದು ಕೂಡಿಸಿ ಅರ್ಧಿಸಿದರೆ ೨, ಅದು ಸಮ, ಲಘು. ಲಘು, ಗುರು, ಲಘು: ಇದೇ ಜಗಣ. ಪಟ್ಟಿಯನ್ನು ಎಣಿಸಿ ನೋಡಿದರೆ ಆರನೆಯದು ಜಗಣವೇ.

ಒಂದು ಪರೀಕ್ಷೆ, ಅದಕ್ಕೆ ತಕ್ಕ ಕ್ರಿಯೆ, ಬಳಿಕ ಪುನರಾವರ್ತನೆ. ಗಣಕಯಂತ್ರಕ್ಕೆ ಬರೆದುಕೊಡುವ ಪ್ರೋಗ್ರಾಮಿನ ಸ್ವರೂಪವೂ ಇದೇ. ತರಗತಿಯಲ್ಲಿ ಒಬ್ಬ ಹುಡುಗನನ್ನು ಯಂತ್ರವೆಂದು ನಿಲ್ಲಿಸಿ, ಮಿಕ್ಕವರು ಬರೆದ ವಿಧಿಯನ್ನು ಸ್ವಂತ ಬುದ್ಧಿಯನ್ನು ಸ್ವಲ್ಪವೂ ಬಳಸದೆ ಅಕ್ಷರಶಃ ನಡೆಸೆಂದು ಹೇಳಬೇಕು. ಆಗ ಒಂದು ಸೊಗಸು ನಡೆಯುವುದು. ಸಂಖ್ಯೆ ೧ಕ್ಕೆ ಬಂದಮೇಲೆ, ವಿಷಮವಾದುದರಿಂದ ಗುರುವನ್ನು ಬರೆದು, ಒಂದು ಕೂಡಿಸಿ ಅರ್ಧಮಾಡಿದರೆ ಮತ್ತೆ ೧. ಪುನಃ ಗುರು, ಪುನಃ ೧. ಹಲಗೆ ತುಂಬಿದರೂ ಪಾಪ, ಆ ಹುಡುಗನಿಗೆ ನಿಲ್ಲುವ ಹಾಗಿಲ್ಲ! ಎಷ್ಟು ಅಕ್ಷರಗಳಾದಮೇಲೆ ನಿಲ್ಲಬೇಕೆಂಬುದನ್ನು ಯಾರೂ ಬರೆದಿರಲಿಲ್ಲ. ಪ್ರೋಗ್ರಾಮು ಬರೆಯುವವರನ್ನು ಇಂದಿಗೂ ಕಾಡುವ ಮುಗಿಯದ ಆವರ್ತನೆಯು ಇದೇ. ನಕ್ಕು ಕಲಿತ ಈ ಪಾಠವನ್ನು ಮಕ್ಕಳು ಮರೆಯುವುದಿಲ್ಲ.

ಸಾಲು ಗೊತ್ತಿದ್ದು ಸಂಖ್ಯೆ ಬೇಕಾದರೆ ಅದು 'ಉದ್ದಿಷ್ಟ'. ಕೇದಾರಭಟ್ಟನ ವೃತ್ತರತ್ನಾಕರದಲ್ಲಿ ಹೇಳಿದಂತೆ, ಅಕ್ಷರಗಳ ಮೇಲೆ ಮೊದಲಿನಿಂದ ೧, ೨, ೪ ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಮೇಲಿನ ಅಂಕಗಳನ್ನು ಕೂಡಿ, ಒಂದನ್ನು ಸೇರಿಸಬೇಕು. ಜಗಣಕ್ಕೆ ೧ ಮತ್ತು ೪ ಕೂಡಿ ೫, ಒಂದು ಸೇರಿ ೬. ನ್ಯೂಜಿಲೆಂಡಿನ ಎಲೆಗಳ ಮೇಲಿನ ಚುಕ್ಕೆಗಳೂ ಇವೇ ಅಂಕಗಳು. ಕೊನೆಗೆ ಒಂದನ್ನು ಸೇರಿಸುವುದೇಕೆಂದರೆ, ಛಂದಶ್ಶಾಸ್ತ್ರಜ್ಞರ ಎಣಿಕೆ ಒಂದರಿಂದ ಮೊದಲಾಗುವುದು, ಯಂತ್ರದ ಎಣಿಕೆ ಸೊನ್ನೆಯಿಂದ.

ಅನುಷ್ಟುಪ್ಪಿನ ಒಂದು ಪಾದಕ್ಕೆ ೮ ಅಕ್ಷರಗಳು. ಪ್ರಸ್ತಾರದ ಸಾಲುಗಳು ೨೫೬. ಗಣಕದವರು ಬೈಟ್ ಎಂದು ಕರೆಯುವ ಘಟಕದಲ್ಲಿಯೂ ೮ ಬಿಟ್ಟುಗಳು, ೨೫೬ ಬಗೆಗಳು. ಗಾಯತ್ರೀ ಛಂದಸ್ಸಿಗೆ ೨೪ ಅಕ್ಷರಗಳು, ಸಾಲುಗಳು ೧,೬೭,೭೭,೨೧೬. ಭಾಸ್ಕರಾಚಾರ್ಯನು ೧೧೫೦ರ ಲೀಲಾವತಿಯಲ್ಲಿ ಈ ಲೆಕ್ಕವನ್ನು ಮಾಡಿದ್ದಾನೆ. ಗಣಕದ ಪರದೆಯ ಮೇಲಿನ ಒಂದೊಂದು ಬಿಂದುವಿನ ಬಣ್ಣವನ್ನು ಸಾಮಾನ್ಯವಾಗಿ ೨೪ ಬಿಟ್ಟುಗಳಲ್ಲಿ ಬರೆಯುವುದರಿಂದ, ಅಲ್ಲಿ ಸಾಧ್ಯವಾದ ಬಣ್ಣಗಳೂ ಅಷ್ಟೇ. ಈ ಸಂಖ್ಯೆಯನ್ನು ಪಡೆಯಲು ೨೪ ಸಲ ಇಮ್ಮಡಿಸಬೇಕಾಗಿಲ್ಲ. ೧ರಿಂದ ಹೊರಟು, ಇಮ್ಮಡಿಸಿದರೆ ೨, ವರ್ಗಮಾಡಿದರೆ ೪, ಇಮ್ಮಡಿಸಿದರೆ ೮, ಮುಂದೆ ಮೂರು ಸಲ ವರ್ಗಮಾಡಿದರೆ ೬೪, ೪೦೯೬, ೧,೬೭,೭೭,೨೧೬; ಆರೇ ಹೆಜ್ಜೆಗಳು. ಕಡಿಮೆ ಹೆಜ್ಜೆಗಳ ಈ ದಾರಿಯನ್ನೂ ಪಿಂಗಳನೇ ತೋರಿಸಿದ್ದಾನೆ.

ಇಷ್ಟನ್ನು ಓದಿ, ಗಣಕಯಂತ್ರವೂ ನಮ್ಮ ಹಿರಿಯರದೇ ಎಂದು ಯಾರೂ ಹೊರಡಬಾರದು. ಪಿಂಗಳನಿಗೆ ಬೇಕಾಗಿದ್ದುದು ವೃತ್ತಗಳ ಲೆಕ್ಕ. ಯಂತ್ರದ ಕನಸು ಅವನಿಗಿರಲಿಲ್ಲ. ೧೯೮೫ರಲ್ಲಿ ನಾಸಾ ಸಂಸ್ಥೆಯ ಕೇಂದ್ರವೊಂದರಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರು ಸಂಸ್ಕೃತ ಶಾಸ್ತ್ರಕಾರರ ವಾಕ್ಯವಿಶ್ಲೇಷಣೆಗೂ ಕೃತಕ ಬುದ್ಧಿಯ ಕ್ಷೇತ್ರಕ್ಕೂ ಇರುವ ಹೋಲಿಕೆಯನ್ನು ಕುರಿತು ಒಂದು ಲೇಖನವನ್ನು ಬರೆದರು. ಅದು ಬಾಯಿಂದ ಬಾಯಿಗೆ ಬೆಳೆದು, ಗಣಕಕ್ಕೆ ಸಂಸ್ಕೃತವೇ ಶ್ರೇಷ್ಠ ಭಾಷೆಯೆಂದು ನಾಸಾ ತೀರ್ಮಾನಿಸಿದೆ ಎಂಬ ವದಂತಿಯಾಯಿತು. ಸಂಸ್ಕೃತವನ್ನು ಓದಿದವರಾದ ನಮಗೆ ಇಂಥ ಮಾತಿನಿಂದ ಆ ಭಾಷೆಗೆ ಗೌರವ ಹೆಚ್ಚಿತೆಂದು ತೋರುವುದಿಲ್ಲ.

ಹಲಗೆಯಿಂದಲೇ ಕೆಲಸ ಸಾಗುವುದೆಂದು ಯಂತ್ರಗಳಿಗಾಗಿ ಇಟ್ಟ ಹಣವನ್ನು ಅಧಿಕಾರಿಗಳು ಉಳಿಸತಕ್ಕದ್ದೂ ಅಲ್ಲ. ಹಲಗೆಯ ಮೇಲೆ ವಿಧಿಯನ್ನು ಕಟ್ಟಿದ ಮಗುವಿಗೆ ಅದನ್ನು ಯಂತ್ರದಲ್ಲಿ ನಡೆಸಿ ನೋಡುವ ಭಾಗ್ಯವೂ ಬೇಕು. ನಷ್ಟದ ವಿಧಿಯು ಪೈಥಾನ್ ಭಾಷೆಯಲ್ಲಿ ಹತ್ತು ಸಾಲನ್ನು ಮೀರದು. ಇದಕ್ಕೆ ಕನ್ನಡ ಪಂಡಿತರೂ ಗಣಿತದ ಉಪಾಧ್ಯಾಯರೂ ವಾರಕ್ಕೊಂದು ಗಂಟೆ ಒಂದೇ ಕೊಠಡಿಯಲ್ಲಿ ಕೂಡಬೇಕಾಗುವುದು. ಯಂತ್ರವನ್ನು ತರಿಸುವುದಕ್ಕಿಂತ ಇದೇ ಕಷ್ಟವೋ ಏನೋ.

ಮನೆಯಲ್ಲಿ ಹೈಸ್ಕೂಲಿನ ಮಗುವಿದ್ದರೆ, ಎಂಟು ಅಕ್ಷರಗಳ ಪ್ರಸ್ತಾರದಲ್ಲಿ ೮೬ನೆಯ ಸಾಲು ಯಾವುದೆಂದು ಕೇಳಿ ನೋಡಿರಿ. ೮೬, ೪೩, ೨೨, ೧೧, ೬, ೩, ೨, ೧ ಎಂದು ಇಳಿಯುತ್ತ, ಲಘು ಗುರು, ಲಘು ಗುರು ಎಂದು ನಾಲ್ಕು ಸಲ ಬಂದರೆ ಲೆಕ್ಕ ಸರಿ. ಅದು ಪ್ರಮಾಣಿಕಾ ವೃತ್ತದ ಪಾದ.