ಕೋಲ್ಡ್ ಸ್ಟೋರೇಜಿನಲ್ಲಿ ಕಾಯಿ ಸುಟ್ಟರೆ ವಿಮೆ ಯಾರಿಗೆ?

ನಮ್ಮ ಕಡೆಯ ಎರೆ ಹೊಲದವರು ಬ್ಯಾಡಗಿ ಮೆಣಸಿನಕಾಯಿಯನ್ನು ಒಣಗಿಸಿದ ಕೂಡಲೇ ಮಾರುವ ಕಾಲ ಹೋಯಿತು. ದರ ಬಿದ್ದಿದ್ದರೆ ಚೀಲ ತುಂಬಿ ಕೋಲ್ಡ್ ಸ್ಟೋರೇಜಿಗೆ ಹಾಕುತ್ತೇವೆ. ಆ ಚೀಲಗಳ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದು ಬಿತ್ತಿಗೆಗೋ ಮನೆಯ ಮದುವೆಗೋ ಹಚ್ಚುತ್ತೇವೆ. ಚೀಲ ಒಳಗೆ ಹೋದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಒಂದು ರಸೀದಿ. ಆ ಕಟ್ಟಡಕ್ಕೇ ಬೆಂಕಿ ಬಿದ್ದರೆ? ಕೇಳಿದರೆ ಬಹಳ ಮಂದಿ "ವಿಮಾ ಐತಲ್ಲ, ಮಾಲಕರು ನೋಡಿಕೊಳ್ತಾರ ತಗೋ" ಅನ್ನುತ್ತಾರೆ. ವಿಮೆ ಇರುವುದು ಮಾಲಕರ ಹೆಸರಿನಲ್ಲಿ. ಸುಡುವ ಮಾಲು ನಮ್ಮದು.

ಇದು ಬರೇ ಊಹೆಯಲ್ಲ, ನಮ್ಮ ರಾಜ್ಯದಲ್ಲೇ ನಡೆದದ್ದು. 2014ರ ಜನವರಿಯಲ್ಲಿ ಒಂದು ಕೋಲ್ಡ್ ಸ್ಟೋರೇಜಿಗೆ ರಾತ್ರಿ ಬೆಂಕಿ ಹತ್ತಿ ಕಟ್ಟಡವೂ ಒಳಗಿನ ಮಾಲೂ ಸುಟ್ಟುಹೋದವು. ಅದರಲ್ಲಿ ಬ್ಯಾಡಗಿ ಕಾಯಿ ಬೆಳೆದು ಇಟ್ಟಿದ್ದ ರೈತರ ಚೀಲಗಳಿದ್ದವು. ಚೀಲದ ಮೇಲೆ ಸಾಲವೂ ಇತ್ತು. ರೈತ, ಬ್ಯಾಂಕು, ಕೋಲ್ಡ್ ಸ್ಟೋರೇಜು ಮೂವರೂ ಸೇರಿ ಬರೆದ ಕರಾರು ಇತ್ತು. ವಿಮಾ ಕಂಪನಿ ಹಣ ಕೊಡಲಿಲ್ಲ. ಅದು ಹೇಳಿದ್ದು ಎರಡು ಮಾತು. ಒಂದು, ಈ ಬೆಂಕಿ ಆಕಸ್ಮಿಕ ಅಲ್ಲ. ಎರಡು, ನಮ್ಮ ಕರಾರು ಕೋಲ್ಡ್ ಸ್ಟೋರೇಜಿನ ಜೊತೆ. ರೈತರು ನಮಗೆ ಯಾರು? ಅತ್ತ ಸಾಲದ ಬಡ್ಡಿ ಬೆಳೆಯುತ್ತಲೇ ಇತ್ತು.

ರೈತರು ಗ್ರಾಹಕರ ಆಯೋಗಕ್ಕೆ ಹೋದರು. ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ಆಯೋಗ, ಕಡೆಗೆ ಸುಪ್ರೀಂ ಕೋರ್ಟು. 2020ರ ಫೆಬ್ರವರಿಯಲ್ಲಿ ತೀರ್ಪು ರೈತರ ಪರ ಬಂತು. ವಿಮೆಯ ಕಾಗದದಲ್ಲಿ ರೈತನ ಹೆಸರಿಲ್ಲದಿದ್ದರೂ ಅದರ ಲಾಭ ಅವನಿಗೆ ಸೇರಬೇಕಾದದ್ದು, ಅವನೂ ಗ್ರಾಹಕನೇ ಎಂದು ಕೋರ್ಟು ಹೇಳಿತು. ವಕೀಲರ ಹತ್ತಿರ ಹೋಗುವವರು "ಕೆನರಾ ಬ್ಯಾಂಕ್ ವಿರುದ್ಧ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್, 2020" ಎಂದು ಬರೆದುಕೊಂಡು ಹೋಗಿರಿ, ಅವರು ಹುಡುಕಿಕೊಳ್ಳುತ್ತಾರೆ. ಗೆದ್ದರು ನಿಜ. ಆದರೆ ಆರು ವರ್ಷ ಅಂದರೆ ಆರು ಬೆಳೆ. ಅಷ್ಟು ದಿನ ತಡೆದುಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗೆ ಇದೆ? ಅದಕ್ಕೇ ಚೀಲ ಇಡುವ ದಿನವೇ ಕೇಳಬೇಕಾದದ್ದು ಕೇಳಿಬಿಡಬೇಕು.

ಪಾಲಿಸಿ ಯಾವ ತಾರೀಖಿನವರೆಗೆ ಇದೆ, ಎಷ್ಟು ಮೊತ್ತಕ್ಕೆ ಇದೆ, ಬೇರೆಯವರು ಇಟ್ಟ ಮಾಲಿಗೂ ಅದು ಸೇರುತ್ತದೆಯೇ, ಈ ಮೂರನ್ನು ಕೇಳಿ. ಬಾಯಿಮಾತು ಬೇಡ, ಝೆರಾಕ್ಸ್ ಕೊಡ್ರಿ ಅನ್ನಿ. ಕೊಡದಿದ್ದರೆ ಪಾಲಿಸಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ರಸೀದಿಯಲ್ಲಿ ಚೀಲದ ಲೆಕ್ಕ ಮಾತ್ರ ಇದ್ದರೆ ಸಾಲದು. ತೂಕ, ಕಾಯಿಯ ಜಾತಿ, ಇಟ್ಟ ದಿನ ಇರಬೇಕು. ಡಬ್ಬಿ ಕಾಯಿಗೂ ಗುಂಟೂರು ಕಾಯಿಗೂ ದರದಲ್ಲಿ ಎಷ್ಟು ಅಂತರ ಎಂಬುದು ನಮಗೆ ಗೊತ್ತು, ವಿಮೆಯವರಿಗೆ ಗೊತ್ತಿರಬೇಕಲ್ಲ? 2007ರ ಉಗ್ರಾಣ ಕಾಯ್ದೆಯಲ್ಲಿ ನೋಂದಣಿ ಆದ ಗೋದಾಮಾದರೆ ರಸೀದಿಯ ಮೇಲೆ ವಿಮಾ ಕಂಪನಿಯ ಹೆಸರೇ ಇರಬೇಕು. ಎರಡು ಗೋದಾಮು ಹತ್ತಿರ ಹತ್ತಿರ ಇದ್ದರೆ ನಾನಂತೂ ಬಾಡಿಗೆ ನಾಲ್ಕು ರೂಪಾಯಿ ಹೆಚ್ಚಾದರೂ ನೋಂದಣಿ ಆದದ್ದರಲ್ಲೇ ಇಡುತ್ತೇನೆ.

ಇನ್ನು ಮನೆ, ಕೊಟ್ಟಿಗೆಗಳ ಮಾತು. ಇಲ್ಲಿ ಪಾಲಿಸಿ ನಮ್ಮ ಹೆಸರಿನಲ್ಲೇ ಇರುತ್ತದೆ, ಆದರೆ ಕಾಗದ ಬ್ಯಾಂಕಿನ ಕಪಾಟಿನಲ್ಲಿ. ನನ್ನ ತಮ್ಮನ ದನದ ಕೊಟ್ಟಿಗೆ 2024ರ ಬೇಸಿಗೆಯಲ್ಲಿ ಸುಟ್ಟಿತು. ತಗಡಿನ ಶೆಡ್ಡು, ಒಳಗೆ ಔಷಧ ಹೊಡೆಯುವ ಪಂಪು, ಕೂರಿಗೆ, ಕುಂಟೆ, ವರ್ಷದ ಹೊಟ್ಟು. ಎತ್ತುಗಳು ಹೊಲದಲ್ಲಿದ್ದವು, ಉಳಿದವು. ಶೆಡ್ಡಿಗೆ ಸಾಲ ಕೊಟ್ಟ ಬ್ಯಾಂಕಿನವರೇ ವಿಮೆ ಮಾಡಿಸಿ ಖಾತೆಯಿಂದ ಪ್ರೀಮಿಯಂ ಮುರಿದುಕೊಂಡಿದ್ದರು. ಪಾಸ್‌ಬುಕ್ಕಿನಲ್ಲಿ ಆ ಸಾಲು ಇದ್ದದ್ದರಿಂದಲೇ ವಿಮೆ ಇದೆ ಅಂತ ಗೊತ್ತಾಯಿತು.

ಅಂದೇ ಕಂಪನಿಗೆ ಫೋನು ಮಾಡಿ ದೂರಿನ ನಂಬರು ಬರೆದುಕೊಂಡೆವು. ಮರುದಿನ ಕಾಗದವನ್ನೂ ಕಳಿಸಿದೆವು. (ರಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಈಗ ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ.) ಅಗ್ನಿಶಾಮಕ ದಳದ ವರದಿ, ಪೊಲೀಸರಿಗೆ ಕೊಟ್ಟ ಅರ್ಜಿಯ ನಕಲು, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ, ಎಲ್ಲ ಬೇಕಾದವು. ಸರ್ವೇಯರ್ ಬಂದು ನೋಡುವ ತನಕ ಬೂದಿ, ತಗಡು ತೆಗೆಯಬಾರದು. ಆದರೆ ಉಳಿದ ಸಾಮಾನನ್ನು ಕಾಪಾಡದೆ ಬಿಡುವುದೂ ತಪ್ಪು, ಆ ನಷ್ಟ ಕೊಡುವುದಿಲ್ಲ ಅನ್ನುತ್ತಾರೆ. ಮೊದಲು ನಾಲ್ಕೂ ಕಡೆಯಿಂದ ಫೋಟೋ, ಆಮೇಲೆ ಸಾಮಾನು ಎತ್ತಿಡುವುದು.

ಸರ್ವೇಯರ್ ಅಂದರೆ ಕಂಪನಿಯ ನೌಕರ ಅಲ್ಲ, ಲೈಸೆನ್ಸು ಪಡೆದ ಬೇರೆ ಮನುಷ್ಯ. ಅವರ ಫೀ ಕಂಪನಿ ಕೊಡುತ್ತದೆ. ನಾವು ಚಹಾ ಕೊಟ್ಟರೆ ಸಾಕು. ಖಾಲಿ ಫಾರ್ಮಿಗೆ ಸಹಿ ಮಾತ್ರ ಹಾಕಬೇಡಿ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ನಿಯಮದಂತೆ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕೊಡುತ್ತೇವೆ ಇಲ್ಲವೇ ಇಲ್ಲ ಎಂದು ಕಂಪನಿ ಹೇಳಬೇಕು. ಕಾಗದ ಸಾಲದು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ತಡ ಮಾಡಿದರೆ ಬಡ್ಡಿ ಸೇರಿಸಿ ಕೊಡಬೇಕು. ಇದನ್ನು ಗಟ್ಟಿಯಾಗಿ ಹೇಳಲು ಹಿಂಜರಿಕೆ ಬೇಡ.

ತಮ್ಮನ ನಷ್ಟ 1,20,000 ಎಂದು ಸರ್ವೇಯರ್ ಬರೆದರು. ಕಂಪನಿ ಕೊಡುತ್ತೇನೆ ಅಂದದ್ದು ಅದರ ಅರ್ಧ. ಯಾಕೆ ಅಂದರೆ "ಆವರೇಜ್" ಅಂದರು. ಇದು ನಮ್ಮ ರೈತರಿಗೆ ತಿಳಿಯದೆ ಪೆಟ್ಟು ಕೊಡುವ ಶಬ್ದ. ನಿಮ್ಮ ಆಸ್ತಿ 4 ಲಕ್ಷದ್ದು, ನೀವು ವಿಮೆ ಮಾಡಿಸಿದ್ದು 2 ಲಕ್ಷಕ್ಕೆ ಅಂತಿಟ್ಟುಕೊಳ್ಳಿ. ಹಾಗಾದರೆ ಅರ್ಧ ಆಸ್ತಿಗೆ ಮಾತ್ರ ವಿಮೆ ಆದಂತೆ. ನಷ್ಟ ಎಷ್ಟೇ ಆಗಲಿ, ಅದರ ಅರ್ಧವೇ ಬರುತ್ತದೆ. ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ತೋರಿಸಿದರೆ ಹೀಗಾಗುತ್ತದೆ. 2021ರ ಏಪ್ರಿಲ್‌ನಿಂದ ಬಂದ "ಭಾರತ್ ಗೃಹ ರಕ್ಷಾ" ಎಂಬ ಮನೆ ಪಾಲಿಸಿಯಲ್ಲಿ ಮಾತ್ರ ಈ ಕಡಿತ ಇಲ್ಲ. ವಾಸದ ಮನೆಗೆ ವಿಮೆ ಮಾಡಿಸುವವರು ಅದನ್ನೇ ಹೆಸರು ಹಿಡಿದು ಕೇಳಬೇಕು.

ತಮ್ಮನ ವಿಷಯದಲ್ಲಿ ಲೆಕ್ಕವೇ ಬೇರೆ ಇತ್ತು. ಶೆಡ್ಡು, ಸಾಮಾನು ಎಲ್ಲ ಸೇರಿ ಬ್ಯಾಂಕಿನ ಅಂದಾಜು ಪಟ್ಟಿಯಲ್ಲಿ 2 ಲಕ್ಷ. ವಿಮೆಯೂ ಅಷ್ಟಕ್ಕೇ. ಹಾಗಾದರೆ 4 ಲಕ್ಷ ಎಲ್ಲಿಂದ ಬಂತು? ಸರ್ವೆ ವರದಿಯ ನಕಲು ಕೊಡಿ ಎಂದು ಬರೆದೆವು. ಅದನ್ನು ಕೇಳುವ ಹಕ್ಕು ನಮಗಿದೆ. ನಕಲು ಬಂದಾಗ ನೋಡಿದರೆ ಮಗ್ಗುಲಿನ ಕಲ್ಲಿನ ಮನೆಯ ಬೆಲೆಯನ್ನೂ ಶೆಡ್ಡಿನ ಜೊತೆ ಕೂಡಿಸಿದ್ದರು! ಆ ಮನೆಗೆ ಬೆಂಕಿಯೂ ತಾಗಿಲ್ಲ, ವಿಮೆಯೂ ಇಲ್ಲ. ಸರ್ವೇಯರ್ ವರದಿಯೇ ಕಡೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ.

ಕಂಪನಿಯವರು "ಪೂರ್ಣ ಮತ್ತು ಅಂತಿಮ" ಎಂದು ಅಚ್ಚಾದ ವೋಚರ್ ತಂದು ಸಹಿ ಹಾಕು ಅಂದರು. ಕೈಯಲ್ಲಿ ಕಾಸಿಲ್ಲದವ ಹಾಕಿಬಿಡುತ್ತಾನೆ. ಒತ್ತಾಯದಿಂದಲೋ ಮೋಸದಿಂದಲೋ ಹಾಕಿಸಿದ ಸಹಿಯಾದರೆ ಅಷ್ಟಕ್ಕೇ ಹಕ್ಕು ಹೋಗುವುದಿಲ್ಲ ಎಂದು 1999ರ ತೀರ್ಪು ಇದೆ, ಆದರೆ ಆ ಒತ್ತಾಯವನ್ನು ರುಜುವಾತು ಮಾಡಬೇಕಾದವರು ನಾವೇ. ತಮ್ಮ ಸಹಿ ಹಾಕಲಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟ. ಒಂದು ತಿಂಗಳು ಉತ್ತರವೇ ಇಲ್ಲ.

ಆಮೇಲೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕದವರಿಗೆ ಇವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀ ಇಲ್ಲ, ವಕೀಲರೂ ಬೇಡ, ವಕೀಲರನ್ನು ಬಿಡುವುದೇ ಇಲ್ಲ. ಕಂಪನಿಗೆ ಮೊದಲು ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು. ಕಂಪನಿ ಇಲ್ಲ ಅಂದರೆ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಕೊಟ್ಟ ತೀರ್ಪು ಕಂಪನಿಯನ್ನು ಕಟ್ಟುತ್ತದೆ, ನಮ್ಮನ್ನು ಕಟ್ಟುವುದಿಲ್ಲ. ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ದಾರಿ ತೆರೆದೇ ಇರುತ್ತದೆ. ಆದರೆ ಮೊದಲೇ ಆಯೋಗಕ್ಕೆ ಹೋದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಈ ಕ್ರಮ ಮರೆಯಬೇಡಿ.

ಅರ್ಜಿಯನ್ನು ತಮ್ಮನ ಮಗಳು ತುಂಬಿದಳು. ವಿಚಾರಣೆ ಮೊಬೈಲಿನ ವಿಡಿಯೋದಲ್ಲೇ ಆಯಿತು, ಬೆಂಗಳೂರಿನ ಬಸ್ ಚಾರ್ಜು ಉಳಿಯಿತು. ಮನೆಯ ಬೆಲೆ ತೆಗೆದು ಲೆಕ್ಕ ಹಾಕಿ, ಪಾಲಿಸಿಯಲ್ಲಿ ಬರೆದ ಕಡಿತ ಬಿಟ್ಟು ಉಳಿದದ್ದನ್ನು ಕೊಡಬೇಕೆಂದು ತೀರ್ಮಾನವಾಯಿತು. ಬೆಂಕಿ ಬಿದ್ದ ದಿನದಿಂದ ಒಂಬತ್ತು ತಿಂಗಳು. ಹಣ ಮೊದಲು ಸಾಲದ ಖಾತೆಗೆ ಹೋಯಿತು, ಉಳಿದದ್ದು ತಮ್ಮನಿಗೆ. ಇದೂ ಗೊತ್ತಿರಲಿ.

ಗ್ರಾಹಕರ ಆಯೋಗಕ್ಕೆ ಹೋಗುವವರು ಎರಡು ವರ್ಷದೊಳಗೆ ಹೋಗಬೇಕು. 2019ರ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಊರು ಹುಡುಕಿಕೊಂಡು ಹೋಗಬೇಕಿಲ್ಲ. ಬರೆಯಲು ಬಾರದವರು ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿರಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಅಲ್ಲಿಗೆ ಹೋಗುವ ಮೊದಲು ಫೋನಿನಲ್ಲಿ ಕೇಳಬೇಕೆಂದರೆ 15100. ವಿಮಾ ಪ್ರಾಧಿಕಾರಕ್ಕೆ ದೂರು ಹೇಳಲು 155255.