ನಿಮಗಿದು ಗೊತ್ತೇ? ಗೊಬ್ಬರ ಒಲ್ಲದ ಹೆದರ್

ಆಗಸ್ಟ್ ಬಂತೆಂದರೆ ಸ್ಕಾಟ್ಲೆಂಡಿನ ಗುಡ್ಡಗಳಿಗೆ ನೇರಳೆ ಬಣ್ಣ ಬರುತ್ತದೆ. ಅದು ಹೆದರ್ ಎಂಬ ಕುರುಚಲು ಗಿಡದ ಹೂವು. ಮೊಣಕಾಲೆತ್ತರ ದಾಟುವುದು ಅಪರೂಪ, ವರ್ಷವಿಡೀ ಹಸಿರು, ಆಯಸ್ಸು ಮೂವತ್ತು ನಲವತ್ತು ವರ್ಷ.

ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇದನ್ನು ಎರಿಕಾ ಕುಲಕ್ಕೆ ಸೇರಿಸಿದ್ದ. ಈಗಿನ ಹೆಸರು, ಕಲೂನಾ ವಲ್ಗ್ಯಾರಿಸ್, ಬಂದದ್ದು 1808ರಲ್ಲಿ. ಕಲೂನಾ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ. ಎರಿಕಾದಲ್ಲಾದರೋ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶವೊಂದರಲ್ಲೇ 600ಕ್ಕೂ ಹೆಚ್ಚು!

ಇವೆರಡನ್ನು ಬೇರೆ ಮಾಡಿ ಗುರುತಿಸುವುದು ಹೇಗೆ? ಮೊದಲು ಎಲೆ ನೋಡಿ. ಹೆದರ್‌ನ ಎಲೆ ಮೂರು ಮಿಲಿಮೀಟರಿನೊಳಗಿನ ಪುಟ್ಟ ಹುರುಪೆ. ಜೋಡಿಜೋಡಿಯಾಗಿ ನಾಲ್ಕು ಸಾಲಿನಲ್ಲಿ, ಜಡೆ ಹೆಣೆದಂತೆ ಕಡ್ಡಿಗೆ ಒತ್ತಿಕೊಂಡಿರುತ್ತದೆ. ಎರಿಕಾದ್ದು ಸೂಜಿಯೆಲೆ, ಗಂಟಿಗೆ ಮೂರೋ ನಾಲ್ಕೋ ಸುತ್ತುಗಟ್ಟಿ ನಿಲ್ಲುತ್ತವೆ. ಇನ್ನು ಹೂವಿನ ಗುಟ್ಟು ಬಹಳ ಸೊಗಸಾದದ್ದು. ಹೆದರ್‌ನಲ್ಲಿ ನಾವು ಎಸಳೆಂದುಕೊಳ್ಳುವುದು ಪುಷ್ಪಪತ್ರಗಳನ್ನು! ನಿಜವಾದ ಎಸಳುಗಳು ಅವುಗಳಿಗಿಂತ ಚಿಕ್ಕವು, ಒಳಗೆ ಅಡಗಿರುತ್ತವೆ. ಆ ಪುಷ್ಪಪತ್ರಗಳು ಒಣಗಿದ ಮೇಲೂ ಉದುರದೆ ಉಳಿಯುತ್ತವೆ. ಎರಿಕಾದಲ್ಲಿ ಬಣ್ಣವಿರುವುದು ಗಂಟೆಯಾಕಾರದ ಎಸಳುಗಳಿಗೇ.

ಬ್ರಿಟನ್ನಿನ ಗುಡ್ಡದಲ್ಲಿ ಕಾಲಡಿಯ ನೆಲವೂ ಸುಳಿವು ಕೊಡುತ್ತದೆ. ಒಣ ನೆಲದಲ್ಲಿ ಮೂರೆಲೆ ಸುತ್ತಿನದು ಕಂಡರೆ ಎರಿಕಾ ಸಿನೇರಿಯಾ. ಜೌಗಿನಲ್ಲಿ ನಾಲ್ಕೆಲೆ ಸುತ್ತಿನದು ಕಂಡರೆ ಎರಿಕಾ ಟೆಟ್ರಾಲಿಕ್ಸ್.

ಹೆದರ್ ಬೆಳೆಸುವವರು ಮೊದಲು ಕೈಬಿಡಬೇಕಾದದ್ದು ಗೊಬ್ಬರದ ಬುಟ್ಟಿಯನ್ನು. ಇದಕ್ಕೆ ಬೇಕಾದದ್ದು ಹುಳಿ ಮಣ್ಣು, ಪಿಎಚ್ ಸುಮಾರು 4.5ರಿಂದ 5.5. ಸುಣ್ಣದ ಮಣ್ಣಿನಲ್ಲಿ ಎಲೆ ಹಳದಿಯಾಗಿ ಸೊರಗುತ್ತದೆ. ಕೂದಲಿಗಿಂತ ತೆಳುವಾದ ಬೇರಿನ ಕೋಶಗಳೊಳಗೆ ಶಿಲೀಂಧ್ರಗಳು ಮನೆಮಾಡಿ, ಬಡ ಮಣ್ಣಿನಿಂದಲೂ ಸಾರಜನಕ ಎತ್ತಿಕೊಡುತ್ತವೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ನೆಡುವಾಗ ಕೆಳಗಿನ ಎಲೆಗಳು ಮಣ್ಣಿಗೆ ತಾಗುವಷ್ಟು ಆಳಕ್ಕೆ ಇಡಿ, ಕಾಂಡದಿಂದಲೂ ಬೇರು ಬರುತ್ತದೆ. ಬಿಸಿಲು ಧಾರಾಳವಾಗಿರಲಿ, ನೀರು ನಿಲ್ಲದಿರಲಿ. ವಸಂತದ ಆರಂಭದಲ್ಲಿ ಒಣ ಹೂವಿನ ಬುಡದವರೆಗೆ ಮಾತ್ರ ಸವರಿ. ಕತ್ತರಿ ಎಲೆಯಿಲ್ಲದ ಹಳೆಯ ಕಟ್ಟಿಗೆಗೆ ಇಳಿದರೆ ಅಲ್ಲಿ ಮತ್ತೆ ಚಿಗುರುವುದು ಕಷ್ಟ.

ತೋಟದ ಮಣ್ಣಿನಲ್ಲಿ ಸುಣ್ಣವಿದೆಯೇ? ಎರಿಕಾ ಕಾರ್ನಿಯಾ ನೆಡಿ. ಅದು ಸುಣ್ಣವನ್ನು ತಾಳಿಕೊಳ್ಳುತ್ತದೆ, ಚಳಿಗಾಲದಲ್ಲೇ ಹೂ ಬಿಡುತ್ತದೆ.

ಸಾರಜನಕ ಹೆಚ್ಚಾದರೆ ಏನಾಗುತ್ತದೆಂದು ನೆದರ್ಲೆಂಡ್ಸ್ ಕಣ್ಣಾರೆ ಕಂಡಿದೆ. ಪಶುಸಾಕಣೆಯಿಂದಲೂ ವಾಹನಗಳ ಹೊಗೆಯಿಂದಲೂ ಗಾಳಿ ಸೇರಿದ ಸಾರಜನಕ ನೆಲಕ್ಕಿಳಿದು, ಹೆದರ್ ತುಂಬಿದ್ದ ಎಷ್ಟೋ ಬಯಲುಗಳನ್ನು ಹುಲ್ಲುಗಾವಲು ಮಾಡಿತು.

ಸ್ಕಾಟ್ಲೆಂಡಿನಲ್ಲಿ ಗುಡ್ಡದ ಹಳೆಯ ಹೆದರನ್ನು ಪಟ್ಟೆಪಟ್ಟೆಯಾಗಿ ಸುಡುವ ರೂಢಿಯಿದೆ. ರೆಡ್ ಗ್ರೌಸ್ ಹಕ್ಕಿಗೆ ತಿನ್ನಲು ಎಳೆ ಚಿಗುರು, ಅಡಗಲು ಎತ್ತರದ ಪೊದೆ, ಎರಡೂ ಬೇಕು.

ಆ ಹಕ್ಕಿಯ ಬೇಟೆಯಾಡುವ ಆಸೆಯಿಂದಲೇ 1912ರ ಹೊತ್ತಿಗೆ ನ್ಯೂಜಿಲೆಂಡಿನ ಟೋಂಗರಿರೋ ರಾಷ್ಟ್ರೀಯ ಉದ್ಯಾನದಲ್ಲಿ ಹೆದರ್ ಬಿತ್ತಿದರು. ಹಕ್ಕಿ ನೆಲೆಯೂರಲಿಲ್ಲ, ಗಿಡ ಹಬ್ಬಿತು. ಅಲ್ಲಿನ ಸ್ವಂತ ಸಸ್ಯಗಳ ಜಾಗವನ್ನು ಅದು ಕಬಳಿಸಿದ್ದು ನೋವಿನ ಸಂಗತಿ. ಅದನ್ನು ತಡೆಯಲು 1996ರಲ್ಲಿ ಯುರೋಪಿನ ಹೆದರ್ ಜೀರುಂಡೆಯನ್ನು ತಂದು ಬಿಡಬೇಕಾಯಿತು. ಯುರೋಪಿನಲ್ಲಿ ಪೀಡೆಯಾದ ಕೀಟ ಅಲ್ಲಿ ಕಾವಲುಗಾರ!

ಹೆದರ್ ಜೇನು ಹುಟ್ಟಿನಲ್ಲಿ ಜೆಲ್ಲಿಯಾಗಿ ಗಟ್ಟಿಗೊಂಡಿರುತ್ತದೆ. ಕಲಕಿದರೆ ಹರಿಯುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಗಟ್ಟಿ. ಅದರಲ್ಲಿನ ಪ್ರೋಟೀನಿನ ಕೆಲಸವಿದು. ಸಾಮಾನ್ಯ ಜೇನು ತೆಗೆಯುವ ಯಂತ್ರ ತಿರುಗಿಸಿದರೆ ಸುಲಭವಾಗಿ ಈಚೆ ಬಾರದು. ಹುಟ್ಟನ್ನು ಹಿಂಡಿ ತೆಗೆಯುವುದೇ ಹಳೆಯ ಕ್ರಮ.

ಬಿಳಿ ಹೆದರ್ ಅದೃಷ್ಟದ ಹೂವೆಂದು ಸ್ಕಾಟರ ನಂಬಿಕೆ. 1855ರಲ್ಲಿ ಬಾಲ್ಮೊರಲ್ ಬಳಿ ಪ್ರಷ್ಯದ ರಾಜಕುಮಾರ ಫ್ರೆಡ್ರಿಕ್ ವಿಕ್ಟೋರಿಯಾ ರಾಣಿಯ ಹಿರಿಮಗಳಿಗೆ ಕೊಟ್ಟು ಮನಸ್ಸು ತಿಳಿಸಿದ್ದೂ ಇದನ್ನೇ.

ಹೂಕುಂಡದಲ್ಲಿ ತಿಂಗಳುಗಟ್ಟಲೆ ಬಣ್ಣ ಕೆಡದ ಹೆದರ್ ಕಂಡರೆ ಮುಟ್ಟಿ ನೋಡಿ. ಅದು ಮೊಗ್ಗು ಎಂದೂ ಅರಳದ ತಳಿಯಿರಬಹುದು.

ನಮ್ಮ ನೀಲಗಿರಿಯಲ್ಲೂ ಹೆದರ್ ಕುಟುಂಬದವರಿದ್ದಾರೆ: ಕೆಂಪು ಹೂವಿನ ರೋಡೋಡೆಂಡ್ರಾನ್, ಮತ್ತು ಗಾಲ್ತೇರಿಯಾ. ಎರಡನೆಯದರ ಎಲೆ ಹಿಸುಕಿ ಮೂಸಿ. ನೋವಿನ ಮುಲಾಮಿನ ವಾಸನೆ ಬಂದೀತು. ಮುಲಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆ ಎಲೆಯಲ್ಲೇ ಇದೆ.