ನಾಲ್ಕು ಜನ ಏನಂದಾರು?

ಮದುವೆಗೆ ಎಷ್ಟು ಖರ್ಚು ಮಾಡಬೇಕು, ಮನೆಗೆ ಯಾವ ಬಣ್ಣ ಬಳಿಸಬೇಕು, ಮಗನನ್ನು ಯಾವ ಓದಿಗೆ ಹಾಕಬೇಕು, ಇವುಗಳಲ್ಲಿ ಯಾವುದನ್ನು ತೀರ್ಮಾನಿಸಹೊರಟರೂ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಮೊದಲೇ ಬಂದು ನಿಂತಿರುತ್ತದೆ: ನಾಲ್ಕು ಜನ ಏನಂದಾರು? ಆ ನಾಲ್ವರು ಯಾರು, ಯಾವ ಬೀದಿಯವರು ಎಂದು ಯಾರೂ ವಿಚಾರಿಸುವುದಿಲ್ಲ. ಈ ನಾಲ್ವರಿಗೂ ಕ್ಯಾನ್ಸರ್ ರೋಗಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಉಂಟು. ಅದನ್ನು ನಾನು ನಮ್ಮ ಕುಟುಂಬದಲ್ಲಿಯೇ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕ ಇದ್ದ ಊರಿನ ಶಾಲೆಯಲ್ಲಿ ಗರ್ಭಕಂಠದ ಕ್ಯಾನ್ಸರಿನ ತಪಾಸಣಾ ಶಿಬಿರ ನಡೆಯಿತು. ಅಕ್ಕ ಓದುಬರಹ ಬಲ್ಲವಳು; ಪತ್ರಿಕೆಯಲ್ಲಿ ಆ ವಿಷಯ ಓದಿಯೂ ಇದ್ದಳು. ಬೆಳಿಗ್ಗೆ ಬೇಗ ಅಡಿಗೆ ಮುಗಿಸಿ ಶಾಲೆಯ ಗೇಟಿನವರೆಗೆ ಹೋದಳು. ತಮ್ಮ ಬೀದಿಯವರು ಒಬ್ಬರೂ ಅಲ್ಲಿ ಕಾಣಲಿಲ್ಲ. ಹಿಂತಿರುಗಿ ಬಂದುಬಿಟ್ಟಳು. ಮೂರು ವರ್ಷದ ಮೇಲೆ ರೋಗ ತಿಳಿದಾಗ ಅದು ಗರ್ಭಕೋಶವನ್ನು ದಾಟಿ ಹರಡಿತ್ತು. ಅವಳ ವೈಕುಂಠ ಸಮಾರಾಧನೆಯ ದಿನ ಎದುರುಮನೆಯಾಕೆ ನನ್ನ ಹೆಂಡತಿಯೊಡನೆ ಹೇಳಿದರಂತೆ: “ಅವತ್ತು ಅವರು ಹೊರಟಿದ್ದನ್ನ ಕಿಟಕಿಯಿಂದ ನೋಡಿದೆ. ಅವರು ಹೋಗಿಬಂದರೆ ನಾನೂ ಹೋಗೋಣ ಅಂತ ಬೇರೆ ಸೀರೆ ಉಟ್ಟುಕೊಂಡು ಕೂತಿದ್ದೆ. ಅಷ್ಟರಲ್ಲೇ ವಾಪಸು ಬಂದರು. ನಾನೂ ಸುಮ್ಮನಾದೆ.”

ಈ ಮಾತನ್ನು ನಾನು ಮರೆಯಲಾರೆ. ಅಕ್ಕ ಬೀದಿಯವರನ್ನು ನೋಡಿ ಹಿಂಜರಿದಳು. ಬೀದಿಯವರು ಅಕ್ಕನನ್ನು ನೋಡಿ ಹಿಂಜರಿದರು. ಇಬ್ಬರಿಗೂ ಮನಸ್ಸಿತ್ತು. ಇನ್ನೊಬ್ಬರಿಗೆ ಮನಸ್ಸಿಲ್ಲವೆಂದು ಇಬ್ಬರೂ ಊಹಿಸಿದರು.

ಸಮಾಜವನ್ನೂ ಮನಸ್ಸನ್ನೂ ಕೂಡಿಸಿ ಅಭ್ಯಾಸ ಮಾಡುವ ವಿದ್ವಾಂಸರು ಲೋಕರೂಢಿಯಲ್ಲಿ ಎರಡು ಬಗೆಯನ್ನು ಗುರುತಿಸುತ್ತಾರೆ. ಜನ ಏನು ಮಾಡುತ್ತಾರೆ ಎಂದು ನಾವು ತಿಳಿದಿರುವುದು ಒಂದು. ಜನ ಯಾವುದನ್ನು ಮೆಚ್ಚುತ್ತಾರೆ ಎಂದು ನಾವು ತಿಳಿದಿರುವುದು ಇನ್ನೊಂದು. ಎರಡೂ ನಮ್ಮ ತಿಳಿವಳಿಕೆಯೇ ಹೊರತು ನಿಜಸ್ಥಿತಿಯಾಗಿರಬೇಕೆಂದಿಲ್ಲ. ತಪಾಸಣೆಯ ವಿಷಯದಲ್ಲಿ ಈ ಎರಡೂ ನಮಗೆ ಅಡ್ಡ ನಿಂತಿವೆ. ನೋವಿಲ್ಲದೆ ಆಸ್ಪತ್ರೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ತಪಾಸಣೆಯಾದರೋ ಏನೂ ಆಗದವರಿಗಾಗಿಯೇ ಇರುವಂಥದು. ಆರೋಗ್ಯವಾಗಿರುವ ಹೆಂಗಸು ಅಲ್ಲಿಗೆ ಹೋದಳೆಂದರೆ “ಅವಳಿಗೆ ಏನೋ ಆಗಿರಬೇಕು” ಎಂಬ ಪಿಸುಮಾತು ಹುಟ್ಟುತ್ತದೆ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಕೇಳುವುದೇ ಬೇಡ.

ರೋಗದ ಹೆಸರಿಗೂ ಅಂಜುತ್ತೇವೆ. ರಾತ್ರಿ ಹೊತ್ತು ಹಾವನ್ನು ಹಾವೆನ್ನದೆ ‘ಹುಳ’ ಎನ್ನುವ ಹಾಗೆ, ಇದನ್ನೂ ‘ಆ ಕಾಯಿಲೆ’ ಎಂದು ತೇಲಿಸುತ್ತೇವೆ. ಲ್ಯಾಟಿನ್ ಭಾಷೆಯಲ್ಲಿ ಕ್ಯಾನ್ಸರ್ ಎಂದರೆ ಬರಿಯ ಏಡಿ. ನಮ್ಮ ಪಂಚಾಂಗದ ಕರ್ಕಾಟಕ ರಾಶಿಯೂ ಅದೇ ಏಡಿ. ಪಂಚಾಂಗದಲ್ಲಿ ಅಂಜದೆ ಓದುವ ಹೆಸರಿಗೆ ಪಡಸಾಲೆಯಲ್ಲಿ ಏಕೆ ಅಂಜಬೇಕೋ ತಿಳಿಯದು.

ಇದಕ್ಕಿಂತ ಕೆಟ್ಟದ್ದು ನಡತೆಯ ಮೇಲಿನ ಶಂಕೆ. ಗರ್ಭಕಂಠದ ಕ್ಯಾನ್ಸರಿಗೆ ಬಹುಮಟ್ಟಿಗೆ ಎಚ್.ಪಿ.ವಿ. ಎಂಬ ವೈರಸ್ ಕಾರಣ. ಸಂಸಾರ ನಡೆಸುವ ಗಂಡುಹೆಣ್ಣುಗಳಲ್ಲಿ ಬಹುಮಂದಿಗೆ ಅದು ಒಂದಲ್ಲ ಒಂದು ಕಾಲದಲ್ಲಿ ತಗುಲುತ್ತದೆ, ಬಹುಮಂದಿಯಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡ ಕೆಲವರಲ್ಲಿ ಅದು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಇದರಲ್ಲಿ ಶೀಲದ ಮಾತು ಬರುವುದಿಲ್ಲ. ಅಷ್ಟು ದೀರ್ಘ ಅವಕಾಶವಿರುವುದರಿಂದಲೇ ತಪಾಸಣೆಗೆ ಅರ್ಥವಿದೆ. ತರಬೇತಿ ಪಡೆದ ದಾದಿ ಗರ್ಭಕಂಠಕ್ಕೆ ವಿನಿಗರಿನಂಥ ತೆಳು ಹುಳಿದ್ರಾವಣ ಸವರಿ ಒಂದು ನಿಮಿಷ ಕಾಯುತ್ತಾಳೆ. ಕೆಟ್ಟ ಭಾಗವಿದ್ದರೆ ಬೆಳ್ಳಗಾಗಿ ಕಾಣುತ್ತದೆ. ಹಾಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಮುಂದಿನ ಪರೀಕ್ಷೆ ಬೇಕೆಂಬ ಸೂಚನೆ ಮಾತ್ರ.

ಗಂಡಸರು ಇದು ಹೆಂಗಸರ ಪಾಡು ಎಂದು ಪುಟ ತಿರುವಬಾರದು. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವವರ ಬಾಯಿಯ ತಪಾಸಣೆಗೆ ಬೇಕಾದದ್ದು ಒಳ್ಳೆಯ ಬೆಳಕು ಮತ್ತು ಬಲ್ಲವರ ಕಣ್ಣು. ತಿರುವನಂತಪುರದ ಕಡೆ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಆದರೂ “ಗಂಡಸಿಗೆ ಎಂಥ ತಪಾಸಣೆ” ಎಂಬ ಬಿಂಕ ನಮ್ಮಲ್ಲಿ ಹೋಗಿಲ್ಲ.

ಜನರನ್ನು ಕರೆತರುವುದು ಆಗದ ಕೆಲಸವೇ? ಮುಂಬಯಿಯಲ್ಲಿ ಆಗಿದೆ. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿಯ ಕೊಳೆಗೇರಿಗಳಲ್ಲಿ ಇದೇ ಹುಳಿದ್ರಾವಣದ ಪರೀಕ್ಷೆ ನಡೆಸಿದರು. ಡಾಕ್ಟರುಗಳ ಬದಲು ತರಬೇತಿ ಕೊಟ್ಟ ಸಾಧಾರಣ ಓದಿನ ಹೆಂಗಸರೇ ಪರೀಕ್ಷೆ ಮಾಡಿದರು. ಕರೆದವರಲ್ಲಿ ನೂರಕ್ಕೆ 89 ಮಂದಿ ಬಂದರು. ಆ ರೋಗದ ಸಾವು ಶೇಕಡ 31ರಷ್ಟು ಇಳಿಯಿತೆಂದು 2013ರಲ್ಲಿ ತಿಳಿಸಿದರು. ಬಂದದ್ದೇಕೆ ಎಂಬುದಕ್ಕೆ ಕಾರಣಗಳು ಹಲವಿರಬಹುದು. ನನ್ನ ಮಟ್ಟಿಗೆ ದೊಡ್ಡ ಕಾರಣ, ಕರೆದವರೂ ಹೆಂಗಸರು, ಅಕ್ಕಪಕ್ಕದವರೂ ಹೊರಟಿದ್ದರು ಎಂಬುದೇ.

ಇನ್ನು ಒಂದು ಎಚ್ಚರಿಕೆ. ಇದು ನನ್ನಂಥ ಉಪದೇಶಕರಿಗೂ ಸೇರಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಗರ್ಭಕಂಠದ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ದೇಶದಲ್ಲಿ ಶೇಕಡ 1.9 ಮಾತ್ರ. ಇದನ್ನು ಸಭೆಯಲ್ಲಿ ಹೇಳಿ “ಯಾರೂ ಬರುವುದಿಲ್ಲ” ಎಂದು ಗದರುವವರುಂಟು. ಅದರ ಫಲ ವಿಪರೀತವಾಗಬಹುದು. ಅಮೆರಿಕದ ಅರಿಜೋನದಲ್ಲಿ ಕಲ್ಲಾದ ಮರಗಳ ಒಂದು ವನವಿದೆ. ಹಿಂದೆ ಬಂದವರು ಬಹಳ ಮಂದಿ ತುಂಡುಗಳನ್ನು ಒಯ್ದು ವನವನ್ನು ಕೆಡಿಸಿದರು ಎಂದು ಫಲಕ ಹಾಕಿದಾಗ ಕಳವು ಹೆಚ್ಚಿತೆಂದು ಚಾಲ್ಡೀನಿ ಎಂಬ ಮನೋವಿಜ್ಞಾನಿ ತೋರಿಸಿದ. ತರಗತಿಯಲ್ಲಿ “ಒಬ್ಬರೂ ಮನೆಕೆಲಸ ಮಾಡಿಲ್ಲವೇನ್ರೋ” ಎಂದು ಬೈದು ನಾನೂ ಇದೇ ಫಲ ಉಂಡಿದ್ದೇನೆ. ಮಾಡದ ಹುಡುಗರಿಗೆ ಒಳ್ಳೆಯ ಜೊತೆ ಸಿಕ್ಕಿತು, ಅಷ್ಟೆ. ಆದ್ದರಿಂದ, ಬಾರದವರ ಲೆಕ್ಕಕ್ಕಿಂತ ಹೋಗಿಬಂದವರ ಮಾತು ಬೀದಿಯಲ್ಲಿ ಕೇಳಬೇಕು.

ಕಳೆದ ವರ್ಷ ನನ್ನ ಹೆಂಡತಿ ಎದುರುಮನೆಯಾಕೆಗೆ ಫೋನು ಮಾಡಿ, ತಾನು ಹೋಗಿಬಂದದ್ದನ್ನೂ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಮುಂದಿನ ವಾರ ಆ ಬೀದಿಯಿಂದ ಮೂವರು ಒಂದೇ ಆಟೋದಲ್ಲಿ ಹೋದರಂತೆ.

ಸರಕಾರದ 2016ರ ಮಾರ್ಗಸೂಚಿಯಂತೆ 30 ವರ್ಷ ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ, ಹೆಂಗಸರಿಗೆ ಅದರ ಜೊತೆಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಆಗಬೇಕು. ಎಲ್ಲಿ, ಯಾವ ದಿನ ಎಂಬುದನ್ನು ತಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಅಕಾಲದ ರಕ್ತಸ್ರಾವ, ಎದೆಯಲ್ಲಿ ಗಂಟು, ವಾಸಿಯಾಗದ ಬಾಯಿಹುಣ್ಣು ಇವುಗಳಲ್ಲಿ ಯಾವುದು ಕಂಡರೂ ಶಿಬಿರಕ್ಕೆ ಕಾಯದೆ ನೇರ ವೈದ್ಯರಲ್ಲಿಗೆ ಹೋಗುವುದು.